ಬೇರೆ ದನಿಯ ಅಡೆಗಲ್ಲು

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರ ಬಾಯಲ್ಲೂ ಅವಳು ಕಿಡಿ. ಕುಲುಮೆಯಿಂದ ಹಾರಿದ ಕಿಡಿಗಳು ಬಿದ್ದು ಅವಳ ಮಣಿಕಟ್ಟಿನಿಂದ ಮೊಣಕೈವರೆಗೆ ಸಾಸಿವೆ ಚೆಲ್ಲಿದ ಹಾಗೆ ಕಲೆಗಳಾಗಿದ್ದವು. ಹೆಸರು ಬಂದದ್ದು ಅಲ್ಲಿಂದ. ಬಾಯಿ ಜೋರು, ಅದಕ್ಕೇ ಆ ಹೆಸರು ಅನ್ನುವವರೂ ಇದ್ದರು. ಅದು ಸುಳ್ಳು. ಅವಳ ಬಾಯಿ ಜೋರಾಗಿದ್ದಿದ್ದರೆ ಈ ಕಥೆ ಬೇರೆಯೇ ದಾರಿ ಹಿಡಿಯುತ್ತಿತ್ತು.

ಅಂಗಿ ಹೊಲಿಯುವ ದರ್ಜಿ ಅವಳ ಎರಡು ತೋಳಿಗೂ ಬೇರೆ ಬೇರೆ ಅಳತೆ ತೆಗೆಯುತ್ತಿದ್ದ. "ಬಲಗೈ ನಿಂದು, ಎಡಗೈ ನಿನ್ನ ತಂಗೀದು" ಎಂದು ಪ್ರತಿ ಸಲವೂ ಅದೇ ತಮಾಷೆ ಮಾಡುತ್ತಿದ್ದ. ಅವಳು ಪ್ರತಿ ಸಲವೂ ನಗುತ್ತಿದ್ದಳು. ಹುಡುಗಿಯಾಗಿದ್ದಾಗಿನಿಂದ ಸಮ್ಮಟಿಗೆ ಎತ್ತಿದ ಭುಜ ಅದು. ದೊಡ್ಡಪ್ಪ ಚಿಕ್ಕ ಸುತ್ತಿಗೆಯಿಂದ ಕೆಂಪಗೆ ಕಾದ ಕಬ್ಬಿಣದ ಮೇಲೆ ಎಲ್ಲಿ ತಟ್ಟಿ ತೋರಿಸುತ್ತಿದ್ದನೋ ಅಲ್ಲಿಗೇ ಅವಳ ಸಮ್ಮಟಿಗೆ ಬೀಳಬೇಕಿತ್ತು. ಒಂದು ಬೆರಳಗಲ ಆಚೀಚೆಯಾದರೆ ಇಕ್ಕಳದ ಹಿಡಿ ಬೆನ್ನಿಗೆ ಬೀಳುತ್ತಿತ್ತು. ಗಿರಾಕಿಗಳು ಕೇಳಿದರೆ ಮಾತ್ರ ದೊಡ್ಡಪ್ಪ, "ತಿದಿ ಒತ್ತೋಕೆ ಇಟ್ಕೊಂಡಿದೀನಿ, ಪಾಪ, ತಮ್ಮನ ಮಗಳು" ಎನ್ನುತ್ತಿದ್ದ.

ಕುಲುಮೆ ಇದ್ದದ್ದು ಬೀದಿಯ ಕೊನೆಯಲ್ಲಿ, ಸೈಕಲ್ ರಿಪೇರಿ ಅಂಗಡಿಗೂ ಮರದ ಡಿಪೋಗೂ ನಡುವೆ. ತಗಡಿನ ಮಾಡು, ಹೊಗೆಗೆ ಕಪ್ಪಾದ ಗೋಡೆ, ಗೋಡೆಯುದ್ದಕ್ಕೂ ಮೊಳೆಗೆ ನೇತುಹಾಕಿದ ಇಕ್ಕಳಗಳು. ನಡುಮಧ್ಯದಲ್ಲಿ ಒಂದು ದಪ್ಪ ಮರದ ಬೊಡ್ಡೆ. ಅದರ ಮೇಲೆ ಕಬ್ಬಿಣದ ಪಟ್ಟಿ ಬಿಗಿದು ಕೂರಿಸಿದ ಅಡೆಗಲ್ಲು, ಕಾದ ಕಬ್ಬಿಣವನ್ನಿಟ್ಟು ಬಡಿಯುವ ಕಬ್ಬಿಣದ ದಿಮ್ಮಿ.

ಆ ಅಡೆಗಲ್ಲೆಂದರೆ ದೊಡ್ಡಪ್ಪನಿಗೆ ಹೆಂಡತಿ ಮಕ್ಕಳಿಗಿಂತ ಹೆಚ್ಚು. ಅದರ ಮೇಲೆ ಯಾರಾದರೂ ಚಹಾದ ಲೋಟ ಇಟ್ಟರೆ ಲೋಟ ಬೀದಿಗೆ ಹಾರುತ್ತಿತ್ತು. "ಏಳು ತಲೆಮಾರಿಂದು. ನಮ್ಮ ಅಜ್ಜನ ಅಜ್ಜ ಹಡಗು ಕಟ್ಟೋರ ಹತ್ರ ದುಡಿದು ಇದನ್ನ ಸಂಪಾದಿಸಿದ್ದು. ಇಂಥದ್ದು ಈಗ ಎಲ್ಲೂ ಹುಟ್ಟಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಚಳಿಗಾಲದ ಬೆಳಗ್ಗೆ ಕೆಲಸ ಶುರು ಮಾಡುವ ಮೊದಲು ಕಾದ ಕಬ್ಬಿಣದ ತುಂಡೊಂದನ್ನು ಅದರ ಮೇಲಿಟ್ಟು ಬೆಚ್ಚಗೆ ಮಾಡಬೇಕಿತ್ತು. ಚಳಿ ಹಿಡಿದ ಅಡೆಗಲ್ಲಿಗೆ ಹೊಡೆದರೆ ಬಿರುಕು ಬಿಡುತ್ತದೆ. ಒಮ್ಮೆ ಕಿಡಿ ಮರೆತಳು. ಅವತ್ತು ದೊಡ್ಡಪ್ಪ ಅವಳ ಕೆನ್ನೆಗೆ ಕೊಟ್ಟ ಏಟಿಗೆ ಒಂದು ಕಿವಿ ವಾರಗಟ್ಟಲೆ ಗುಂಯ್‌ಗುಟ್ಟಿತು.

ಅವಳ ಅಪ್ಪ ಹಾಳಾಗಿ ಹೋದದ್ದೂ ಈ ಅಡೆಗಲ್ಲಿನಿಂದಲೇ.

ಅಪ್ಪ, ದೊಡ್ಡಪ್ಪ ಇಬ್ಬರೂ ಒಂದೇ ಕುಲುಮೆಯಲ್ಲಿ ದುಡಿಯುತ್ತಿದ್ದ ಕಾಲ ಅದು. ಅಪ್ಪ ಮಾತು ಕಡಿಮೆಯ ಮನುಷ್ಯ, ಕೆಲಸ ಮಾಡುತ್ತಾ ತನ್ನಷ್ಟಕ್ಕೆ ಗುನುಗುತ್ತಿದ್ದ. ಒಂದು ವಾರ ಅವನು ಕಾಯಿಲೆ ಬಿದ್ದು ಮಲಗಿದ್ದಾಗ, ಅಡೆಗಲ್ಲಿನ ಮುಖ, ಏಟು ಬೀಳುವ ಮೇಲುಭಾಗ, ಸವೆದಿದೆ, ಹೊಸ ಉಕ್ಕಿನ ತಗಡು ಬೆಸೆಸಿಕೊಂಡು ಬರುತ್ತೇನೆ ಎಂದು ದೊಡ್ಡಪ್ಪ ಅದನ್ನು ಗಾಡಿಗೆ ಹಾಕಿಕೊಂಡು ಪೇಟೆಗೆ ಹೋದ. ವಾಪಸು ತಂದು ಬೊಡ್ಡೆಯ ಮೇಲೆ ಕೂರಿಸಿದ. ಅಪ್ಪ ಎದ್ದು ಬಂದವನು ಒಂದೇ ಒಂದು ಏಟು ಹೊಡೆದ. ಸುತ್ತಿಗೆ ಕೆಳಗಿಟ್ಟ.

"ಅಣ್ಣಾ, ಇದು ನಮ್ದಲ್ಲ."

"ಮುಖ ಬೆಸೆಸಿದೀನಿ. ದನಿ ಬದಲಾಗುತ್ತೆ."

"ದನಿ ಬದಲಾಗಿಲ್ಲ. ಇದು ಬೇರೆಯವರ ದನಿ."

ಅಲ್ಲಿಗೆ ಬಿಟ್ಟಿದ್ದರೆ ಬದುಕಿಕೊಳ್ಳುತ್ತಿದ್ದ. ಬಿಡಲಿಲ್ಲ. ಸೈಕಲ್ ಅಂಗಡಿಯವನ ಹತ್ತಿರ ಹೇಳಿದ, ಚಹಾ ಅಂಗಡಿಯಲ್ಲಿ ಹೇಳಿದ, ಸಲಾಕೆ ಚೂಪು ಮಾಡಿಸಲು ಬಂದವರಿಗೆಲ್ಲ ಹೇಳಿದ. ಕಡೆಗೆ ದೊಡ್ಡಪ್ಪ ನೆಂಟರನ್ನೆಲ್ಲ ಕರೆಸಿ ಕುಲುಮೆಯಲ್ಲಿ ಕೂರಿಸಿದ. ತಮ್ಮನನ್ನು ನಡುವೆ ನಿಲ್ಲಿಸಿ, "ಇದರ ಮೇಲೆ ಕೈಯಿಟ್ಟು ಇದು ನಮ್ಮ ಹಿರಿಯರದು ಅಂತ ಆಣೆ ಮಾಡು, ಇಲ್ಲ ಹೊರಗೆ ನಡಿ" ಎಂದ. ಅಪ್ಪ ಅಡೆಗಲ್ಲಿನ ಮೇಲೆ ಕೈಯಿಡಲಿಲ್ಲ. ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಹೊರಟುಹೋದ. ಅವನ ಬೆನ್ನಿಗೆ ದೊಡ್ಡಪ್ಪ ಎಲ್ಲರಿಗೂ ಕೇಳುವ ಹಾಗೆ, "ತಲೆ ಕೆಟ್ಟಿದೆ. ಜ್ವರ ನೆತ್ತಿಗೇರಿ ಹೀಗಾಗಿದೆ" ಎಂದ.

ಆ ಮಾತು ಊರೆಲ್ಲ ಹಬ್ಬಿತು. ತಲೆ ಕೆಟ್ಟವನಿಗೆ ಕೆಲಸ ಕೊಡುವವರು ಯಾರು? ಅಪ್ಪ ಕುಲುಮೆಯಿಂದ ಕುಲುಮೆಗೆ ಅಲೆದ. ಎಲ್ಲೇ ಅಡೆಗಲ್ಲು ಕಂಡರೂ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ತಲೆಯಾಡಿಸಿ ಮುಂದೆ ಹೋಗುತ್ತಿದ್ದ. ಮಕ್ಕಳು ಅವನಿಗೆ ಠಣ್ ಎಂದು ಹೆಸರಿಟ್ಟರು. ಅವನ ಹಿಂದೆ ಓಡುತ್ತಾ ತಟ್ಟೆ ಬಡಿಯುತ್ತಿದ್ದರು. ಕಿಡಿ ಆಗ ಚಿಕ್ಕವಳು. ಅಪ್ಪ ಎದುರಿಗೆ ಬರುವುದು ಕಂಡರೆ ಸಂದಿಗೆ ನುಗ್ಗಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಒಂದು ದಿನ ಎರಕದ ಕಾರ್ಖಾನೆಯೊಂದರ ಗುಜರಿ ರಾಶಿ ಕೆದಕುತ್ತಿದ್ದನೆಂದು ಕಾವಲುಗಾರರು ಅಪ್ಪನಿಗೆ ಹೊಡೆದರು. ಆ ನೆಪ ಸಾಕಾಯಿತು. ದೊಡ್ಡಪ್ಪ ವ್ಯಾನು ತರಿಸಿ, ತಮ್ಮನ ಕೈ ಹಿಡಿದು ಪ್ರೀತಿಯಿಂದಲೇ ಹತ್ತಿಸಿ, ಊರಾಚೆ ಹಳದಿ ಗೋಡೆಯ ಹುಚ್ಚಾಸ್ಪತ್ರೆಗೆ ಬಿಟ್ಟುಬಂದ. ಎರಡನೇ ಚಳಿಗಾಲ ದಾಟುವುದರೊಳಗೆ ಅಪ್ಪ ಅಲ್ಲಿ ಸತ್ತ. ಹೆಣ ಕೂಡ ಮನೆಗೆ ಬರಲಿಲ್ಲ. ಅಮ್ಮ ದೊಡ್ಡಪ್ಪನ ಮನೆಯಲ್ಲೇ ಪಾತ್ರೆ ತೊಳೆಯುತ್ತಾ, ತುಟಿ ಎರಡು ಮಾಡದೆ, ಕೆಲವು ವರ್ಷ ಇದ್ದು ತೀರಿಹೋದಳು.

ಕಿಡಿ ಉಳಿದಳು. ದೊಡ್ಡಪ್ಪನ ಒಬ್ಬನೇ ಮಗನಿಗೆ, ಅವಳು ಅಣ್ಣ ಎನ್ನುತ್ತಿದ್ದವನಿಗೆ, ಕುಲುಮೆಯ ಹೊಗೆ ಆಗುತ್ತಿರಲಿಲ್ಲ. ಅವನು ಪೇಟೆಯಲ್ಲಿ ಪೈಪು, ಬೀಗ, ಬಣ್ಣ ಮಾರುವ ಅಂಗಡಿ ಇಟ್ಟ. ಹಾಗಾಗಿ ಸಮ್ಮಟಿಗೆ ಕಿಡಿಯ ಪಾಲಿಗೆ ಬಂತು. ಅವಳನ್ನು ಕೇಳಿಕೊಂಡು ಗಂಡಿನ ಕಡೆಯವರು ಬಂದದ್ದೂ ಉಂಟು. ದೊಡ್ಡಪ್ಪ ಅವರನ್ನು ಕೂರಿಸಿ, ಚಹಾ ಕೊಟ್ಟು, ದನಿ ತಗ್ಗಿಸಿ, "ಮುಚ್ಚಿಡಬಾರದು ನೋಡಿ, ಇವಳ ಅಪ್ಪ ಹುಚ್ಚಾಸ್ಪತ್ರೇಲಿ ಸತ್ತಿದ್ದು" ಎನ್ನುತ್ತಿದ್ದ. ಬಂದವರು ಲೋಟ ಖಾಲಿ ಮಾಡುವ ಮೊದಲೇ ಎದ್ದುಬಿಡುತ್ತಿದ್ದರು. ಅವಳು ಒಳಗಿನ ಕೋಣೆಯಲ್ಲಿ ಕೂತು ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅಪ್ಪನ ಮೇಲೆ ಸಿಟ್ಟು ಬರುತ್ತಿತ್ತು.

ವರ್ಷಗಳು ಹೀಗೇ ಸವೆದವು. ದೊಡ್ಡಪ್ಪನಿಗೆ ಪಾರ್ಶ್ವವಾಯು ಹೊಡೆದು ಎಡಗೈ, ಎಡಗಾಲು ಬಿದ್ದುಹೋದವು. ನಾಲಿಗೆ ಮಾತ್ರ ಸ್ವಲ್ಪವೂ ಮೊಂಡಾಗಲಿಲ್ಲ. ಕುಲುಮೆಗೆ ತಾಗಿದ ಕೋಣೆಯಲ್ಲಿ, ಬಾಗಿಲಿಗೆ ನೇರವಾಗಿ ಮಂಚ ಹಾಕಿಸಿಕೊಂಡು, ಅಲ್ಲಿಂದಲೇ ಅವಳ ಪ್ರತಿ ಏಟಿಗೂ ತಪ್ಪು ಹಿಡಿಯುತ್ತಿದ್ದ. ಬೆಳಗ್ಗೆ ಅವನ ಮೈ ಒರೆಸುವುದು, ಬಟ್ಟೆ ಬದಲಿಸುವುದು, ತುತ್ತು ಕಲಸಿ ತಿನ್ನಿಸುವುದು, ಆಮೇಲೆ ಗೇಟು, ಸಲಾಕೆ, ಕೊಡಲಿಗಳ ಕೆಲಸ. ಎಲ್ಲವೂ ಅವಳದೇ. ಮಗ ವಾರಕ್ಕೊಮ್ಮೆ ಬಂದು, ಮೂಗಿಗೆ ಕರವಸ್ತ್ರ ಹಿಡಿದು, ಬಾಗಿಲಲ್ಲಿ ನಿಂತು ಮಾತಾಡಿಸಿ ಹೋಗುತ್ತಿದ್ದ.

ಆ ಮಗನಿಗೇ ಒಂದು ಉಪಾಯ ಹೊಳೆಯಿತು. ಪೇಟೆಯ ಮ್ಯೂಸಿಯಮ್ಮಿನಲ್ಲಿ ಹಳೆಯ ಕಸುಬುಗಳಿಗೆಂದು ಒಂದು ಕೋಣೆ ಮಾಡುತ್ತಿದ್ದಾರೆ, ಅಲ್ಲಿ ನಮ್ಮ ಅಡೆಗಲ್ಲು ಇರಬೇಕು, ಕೆಳಗೆ ನಮ್ಮಪ್ಪನ ಹೆಸರಿನ ಫಲಕ ಇರಬೇಕು ಎಂದ. ಅಂಗಡಿಗೂ ಅದರಿಂದ ಒಳ್ಳೆಯ ಹೆಸರು. ಮ್ಯೂಸಿಯಮ್ಮಿನವರು ಮೊದಲು ನೋಡಬೇಕು ಎಂದರು. ಹಳೆಯ ಉಪಕರಣಗಳ ವಯಸ್ಸು, ಮೂಲ ಹೇಳುವ ಒಬ್ಬ ಪರೀಕ್ಷಕನನ್ನು ಕಳಿಸಿದರು.

ಪರೀಕ್ಷಕ ಸಣ್ಣ ಕೈಚೀಲ ಹಿಡಿದು ಬಂದ. ಮಿತಭಾಷಿ, ಇಸ್ತ್ರಿ ಮಾಡಿದ ಅಂಗಿ. ಕುಲುಮೆಯೊಳಗೆ ಕಾಲಿಡುವ ಮೊದಲು ಅಂಗಿಯ ತೋಳು ಮಡಚಿಕೊಂಡ. ಮಂಚದಿಂದ ದೊಡ್ಡಪ್ಪ ಏಳು ತಲೆಮಾರಿನ ಕಥೆಯನ್ನು ಹಡಗಿನಿಂದ ಶುರು ಮಾಡಿದ. ಪರೀಕ್ಷಕ ಅದನ್ನು ಪೂರ್ತಿ ಕೇಳಿ, "ಒಳ್ಳೆಯದು" ಎಂದು ಹೇಳಿ, ಚೀಲದಿಂದ ಗೋಲಿಯಷ್ಟು ದೊಡ್ಡ ಉಕ್ಕಿನ ಗುಂಡೊಂದನ್ನು ತೆಗೆದ. ಅಡೆಗಲ್ಲಿನ ಮೇಲೆ ಮೊಳದೆತ್ತರದಿಂದ ಬಿಟ್ಟ. ಗುಂಡು ಸೋಮಾರಿಯ ಹಾಗೆ ಅರ್ಧಕ್ಕೂ ಏಳದೆ ಕೆಳಗೆ ಉರುಳಿತು. ಒಳ್ಳೆಯ ಅಡೆಗಲ್ಲಾಗಿದ್ದರೆ ಅದು ಬಿಟ್ಟ ಎತ್ತರದ ಹತ್ತಿರಕ್ಕೇ ಪುಟಿಯಬೇಕಿತ್ತು. ಇನ್ನೊಂದು ಕಡೆ ಬಿಟ್ಟ. ಅಲ್ಲೂ ಹಾಗೇ.

"ಇದನ್ನ ಬೊಡ್ಡೆಯಿಂದ ಇಳಿಸಿ ಮಗ್ಗುಲಿಗೆ ಮಲಗಿಸಬಹುದಾ?"

"ಇಷ್ಟು ವರ್ಷ ಅದನ್ನ ಯಾರೂ ಇಳಿಸಿಲ್ಲ" ಎಂದ ದೊಡ್ಡಪ್ಪ. "ಇಳಿಸಬಾರದು."

"ಅಪ್ಪಾ, ನೋಡ್ಲಿ ಬಿಡಿ" ಎಂದ ಮಗ.

ಕಿಡಿ ಕಬ್ಬಿಣದ ಪಟ್ಟಿ ಬಿಚ್ಚಿ, ಹಾರೆ ಕೊಟ್ಟು ಮೀಟಿ, ಹಲಗೆಯ ಮೇಲೆ ಅದನ್ನು ಜಾರಿಸಿ ಮಲಗಿಸಿದಳು. ಪರೀಕ್ಷಕ ನೆಲದ ಮೇಲೇ ಕುಕ್ಕರಗಾಲಲ್ಲಿ ಕೂತು ಬ್ಯಾಟರಿ ಹಾಕಿದ. ತಂತಿಯ ಬ್ರಷ್ಷಿನಿಂದ ಮಸಿ ಉಜ್ಜಿದ. ಉಜ್ಜುತ್ತಾ, ಯಾರಿಗೆ ಹೇಳಬೇಕೆಂದು ತೋಚದವನ ಹಾಗೆ, ಪಕ್ಕದಲ್ಲಿದ್ದ ಕಿಡಿಗೇ ಹೇಳತೊಡಗಿದ.

"ಆ ಕಾಲದಲ್ಲಿ ಇದನ್ನ ಕಬ್ಬಿಣದ ತುಂಡುಗಳನ್ನ ಕಾಯಿಸಿ, ಒಂದಕ್ಕೊಂದು ಬಡಿದು ಬೆಸೆದು ಮಾಡ್ತಿದ್ರು. ಅಷ್ಟು ಭಾರದ್ದನ್ನ ಬೆಂಕೀಲಿ ತಿರುಗಿಸೋಕೆ ಸಲಾಕೆ ತೂರಿಸಬೇಕಲ್ಲ, ಅದಕ್ಕೆ ಸೊಂಟದಲ್ಲಿ, ತಳದಲ್ಲಿ ಚೌಕಾಕಾರದ ತೂತು ಇರ್ತಿತ್ತು. ಇದರಲ್ಲಿ ಎಲ್ಲೂ ಇಲ್ಲ." ಅವನು ಅವಳ ಕೈ ಹಿಡಿದು, ಅಡೆಗಲ್ಲಿನ ಒಂದು ತುದಿಯಲ್ಲಿ ಚೂಪಾಗಿ ಚಾಚಿದ ಕೊಂಬಿನ ಅಡಿಗೆ ಒಯ್ದ. "ಇಲ್ಲಿ ಮುಟ್ಟಿ ನೋಡಿ."

ಅವಳಿಗೆ ಆ ಗೆರೆ ಗೊತ್ತಿತ್ತು. ಎಷ್ಟೋ ಸಲ ಒರೆಸುವಾಗ ಬೆರಳಿಗೆ ಸಿಕ್ಕಿತ್ತು. ಹಳೆಯ ಗಾಯದ ಗುರುತಿನ ಹಾಗೆ ಉದ್ದಕ್ಕೆ ಉಬ್ಬಿದ ಗೆರೆ. ಅಡೆಗಲ್ಲಿಗೂ ವಯಸ್ಸಾದರೆ ಹಾಗಾಗುತ್ತದೆಂದು ಅವಳು ತಿಳಿದಿದ್ದಳು.

"ಮರಳಿನ ಅಚ್ಚಿನ ಎರಡು ಭಾಗ ಸೇರೋ ಜಾಗ ಅದು. ಕರಗಿದ ಕಬ್ಬಿಣ ಅಲ್ಲಿ ಸ್ವಲ್ಪ ಉಕ್ಕಿ ಗೆರೆ ಆಗುತ್ತೆ. ಮೇಲೆಲ್ಲ ಯಾರೋ ಉಜ್ಜಿ ಅಳಿಸಿದಾರೆ, ಇಲ್ಲಿ ಮರೆತಿದಾರೆ. ಇದು ಎರಕ ಹೊಯ್ದದ್ದು. ಮುಖಕ್ಕೆ ಮಾತ್ರ ತೆಳ್ಳಗೆ ಉಕ್ಕಿದೆ. ಅಂಚುಗಳನ್ನ ಬೇಕಂತಲೇ ಬಡಿದು ಹಳೇದರ ಹಾಗೆ ಮಾಡಿದಾರೆ." ಅವನು ತಳ ಉಜ್ಜಿದ. ಮಸಿಯ ಕೆಳಗಿನಿಂದ ಉಬ್ಬಿದ ಅಂಕಿಗಳು ಮೇಲೆದ್ದವು. "ಬಡಿದು ಮಾಡಿದ್ದಾಗಿದ್ರೆ ಉಳಿಯಿಂದ ಕೊರೆದಿರೋರು, ಅಕ್ಷರ ಒಳಗೆ ಹೋಗಿರೋದು. ಇದು ಅಚ್ಚಿನ ಜೊತೆಗೇ ಬಂದದ್ದು. ಎರಕದ ಕಾರ್ಖಾನೆಯ ಗುರುತು, ಇಸವಿ." ಅವನು ಮಗನ ಕಡೆ ತಿರುಗಿದ. "ಕ್ಷಮಿಸಿ. ಇದರ ವಯಸ್ಸು ನಿಮ್ಮ ತಂದೆಯವರಿಗಿಂತ ಕಡಿಮೆ."

ಕಿಡಿ ಇಸವಿಯನ್ನು ನೋಡಿದಳು. ಅವಳ ಮುಂದಿನ ಹಾಲುಹಲ್ಲು ಬಿದ್ದ ವರ್ಷ. ಅಪ್ಪ ಚಪ್ಪಲಿ ಮೆಟ್ಟದೆ ಕುಲುಮೆ ಬಿಟ್ಟು ನಡೆದ ವರ್ಷ.

ಮಗನ ಮುಖ ಕಪ್ಪಿಟ್ಟಿತು. ಪರೀಕ್ಷಕನ ಹೆಗಲ ಮೇಲೆ ಕೈಹಾಕಿ, ಏನೇನೋ ನಗುತ್ತಾ ಮಾತಾಡುತ್ತಾ ಅವನನ್ನು ಕಾರಿನವರೆಗೆ ಕರೆದುಕೊಂಡು ಹೋದ. ಕುಲುಮೆಯಲ್ಲಿ ಇಬ್ಬರೇ ಉಳಿದರು. ಅಡೆಗಲ್ಲು ಮಗ್ಗುಲಾಗಿ ಬಿದ್ದೇ ಇತ್ತು.

"ಅಪ್ಪ ಹೇಳಿದ್ದು ನಿಜಾನಾ?" ಎಂದು ಕಿಡಿ ಕೇಳಿದಳು.

ದೊಡ್ಡಪ್ಪ ಸುಳ್ಳು ಹೇಳುತ್ತಾನೆ ಎಂದುಕೊಂಡಿದ್ದಳು. ಅವನು ಹೇಳಲಿಲ್ಲ. ಸುಳ್ಳು ಹೇಳುವಷ್ಟು ಲಕ್ಷ್ಯಕ್ಕೂ ಅವಳು ಅರ್ಹಳೆಂದು ಅವನಿಗೆ ಅನಿಸಿರಲಿಕ್ಕಿಲ್ಲ.

"ನಿಜ. ನಿಮ್ಮಪ್ಪನ ಕಿವಿ ಚೆನ್ನಾಗಿತ್ತು. ಬಾಯಿ ಮುಚ್ಕೊಂಡಿರೋಕೆ ಬರ್ಲಿಲ್ಲ."

"ಹಳೇದು ಏನಾಯ್ತು?"

"ಒಡೀತು." ಬಲಗೈಯಿಂದ ಹೊದಿಕೆ ಎಳೆದುಕೊಂಡ. "ಚಳಿ ಇತ್ತು. ಅವಸರದ ಕೆಲಸ. ಬೆಚ್ಚಗೆ ಮಾಡ್ದೆ ಹೊಡೆದೆ. ಕೊಂಬು ಮುರಿದು ನನ್ನ ಕಾಲ ಹತ್ರ ಬಿತ್ತು. ಏಳು ತಲೆಮಾರು ಬಾಳಿದ್ದು ನನ್ನ ಕೈಯಲ್ಲಿ ಒಡೀತು ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಬೇಕಿತ್ತಾ? ಎರಕದ ಕಾರ್ಖಾನೆಗೆ ಹಾಕಿದೆ, ಅಲ್ಲೇ ಇದನ್ನ ತಂದೆ."

"ಅದಕ್ಕೆ ಅಪ್ಪನ್ನ ಆಸ್ಪತ್ರೆಗೆ ಹಾಕಿದ್ರಾ?"

"ಬೇರೆ ಏನು ಮಾಡ್ಬೇಕಿತ್ತು? ಬೀದಿ ಬೀದೀಲಿ ನನ್ನ ಮರ್ಯಾದೆ ತೆಗೀತಿದ್ದ. ಅವನ ಪಾಡಿಗೆ ಊಟ ಹಾಕಿ, ಹೊದಿಕೆ ಕೊಟ್ಟು ನೋಡ್ಕೋತಾರೆ ಅಂದ್ರು. ಸರಿ ಅಂದೆ." ಅಡೆಗಲ್ಲಿನ ಕಡೆ ಗಲ್ಲ ಚಾಚಿ, "ಅದನ್ನ ಎತ್ತಿ ಸರಿಯಾಗಿ ಇಡು. ಹಾಗೆ ಬಿದ್ದಿರೋದು ನೋಡೋಕಾಗಲ್ಲ" ಎಂದ.

ಅವಳು ಹಾರೆಯಿಂದ ಮೀಟಿ ಹಲಗೆಯ ಮೇಲೆ ಏರಿಸಿ ಇಟ್ಟಳು. ಪಟ್ಟಿ ಬಿಗಿದಳು. ಮಧ್ಯಾಹ್ನ ಅವನಿಗೆ ಊಟ ತಿನ್ನಿಸಿದಳು. ಚಮಚ ಅವನ ಹಲ್ಲಿಗೆ ತಾಗಿ ಸಣ್ಣ ಸದ್ದಾಯಿತು. ಅವನು ಬೈದ. ಅವಳು ಬಾಯಿ ಒರೆಸಿದಳು.

ಮಗ ನೆಂಟರಿಗೆಲ್ಲ, "ಮ್ಯೂಸಿಯಮ್ಮಲ್ಲಿ ಜಾಗ ಸಾಲ್ದು ಅಂದ್ರು, ನಮ್ಮ ಅಂಗಡಿ ಮುಂದೇನೇ ಇಡ್ತೀವಿ" ಎಂದು ಹೇಳಿಬಿಟ್ಟ. ಪರೀಕ್ಷಕ ಬಂದು ಹೋದದ್ದರ ಮಾತು ಅಲ್ಲಿಗೆ ಮುಗಿಯಿತು. ಕಿಡಿ ಯಾರ ಹತ್ತಿರವೂ ಸೊಲ್ಲೆತ್ತಲಿಲ್ಲ. ಎತ್ತುವುದು ಹೇಗೆಂದೇ ಅವಳಿಗೆ ತಿಳಿಯಲಿಲ್ಲ. ಆದರೆ ಏಟು ಹೊಡೆದಾಗಲೆಲ್ಲ ಆ ಮಂದವಾದ ದನಿ ಕಿವಿಗೆ ಬೀಳುತ್ತಿತ್ತು. ಇಷ್ಟು ವರ್ಷ ಅದನ್ನೇ ಅಡೆಗಲ್ಲಿನ ದನಿ ಎಂದು ಬಗೆದಿದ್ದೆನಲ್ಲ ಎಂದುಕೊಳ್ಳುತ್ತಿದ್ದಳು.

ಆ ಬೇಸಿಗೆಯಲ್ಲಿ ದೊಡ್ಡಪ್ಪನಿಗೆ ಎರಡನೇ ಸಲ ಪಾರ್ಶ್ವವಾಯು ಹೊಡೆಯಿತು. ಬದುಕಿಕೊಂಡ, ಆದರೆ ಎದೆಯೊಳಗಿನ ಧೈರ್ಯ ಸೋರಿಹೋಗಿತ್ತು. ಹಾಡುಹಗಲಲ್ಲೇ ಬಾಗಿಲ ಕಡೆ ನೋಡಿ, "ಅವನನ್ನ ಒಳಗೆ ಕರಿ, ಬಿಸಿಲಲ್ಲಿ ನಿಂತಿದಾನೆ" ಎನ್ನುತ್ತಿದ್ದ. ಬಾಗಿಲಲ್ಲಿ ಯಾರೂ ಇರುತ್ತಿರಲಿಲ್ಲ. ಆಮೇಲೆ ಅಳು ಶುರುವಾಯಿತು. ಮೈ ಒರೆಸುವಾಗ ಅವಳ ಮಣಿಕಟ್ಟು ಹಿಡಿದುಕೊಂಡು ಅತ್ತ.

"ನಿಮ್ಮಪ್ಪನ ಹೆಸರು ಸರಿ ಮಾಡ್ಬೇಕು ಕಣೇ. ಸಾಯೋದ್ರೊಳಗೆ ಎಲ್ರ ಮುಂದೆ ಹೇಳ್ಬಿಡ್ತೀನಿ. ಎಲ್ರನ್ನೂ ಕರೆಸು."

"ಕರೆಸ್ತೀನಿ" ಎಂದಳು ಕಿಡಿ.

ಕರೆಸಿದಳು. ನೆಂಟರು ಬಂದರು. ಅಪ್ಪ, ದೊಡ್ಡಪ್ಪ ಇಬ್ಬರಿಗೂ ಒಬ್ಬಳೇ ತಂಗಿಯಾದ ಅತ್ತೆ ದೂರದ ಊರಿಂದ ಬಸ್ಸು ಹತ್ತಿ ಬಂದಳು. ಆ ಮನೆತನದಲ್ಲಿ ಅವಳ ಮಾತೇ ಕೊನೆಯ ಮಾತು. ಕಿಡಿಯ ಅಪ್ಪನನ್ನು ಹೊರಹಾಕಿದ ದಿನ ಕುಲುಮೆಯಲ್ಲಿ ಕೂತಿದ್ದ ನೆಂಟರ ಪೈಕಿ ಬದುಕಿ ಉಳಿದವಳೂ ಅವಳೊಬ್ಬಳೇ. ಮಂಚದ ಸುತ್ತ ಕುರ್ಚಿ, ಸ್ಟೂಲು ಹಾಕಿ ಎಲ್ಲರೂ ಕೂತರು. ದೊಡ್ಡಪ್ಪ ದಿಂಬಿಗೆ ಒರಗಿ ಹೇಳಿದ. ನಾಲಿಗೆ ತೊಡರುತ್ತಿತ್ತು, ಆದರೂ ಬಿಡದೆ ಹೇಳಿದ. "ಆ ಅಡೆಗಲ್ಲು ನಮ್ದಲ್ಲ. ನಮ್ದನ್ನ ನಾನು ಒಡೆದೆ. ತಮ್ಮ ಹೇಳಿದ್ದು ನಿಜ. ಅವನಿಗೆ ಹುಚ್ಚಿರಲಿಲ್ಲ."

ಮಗ ಗಂಟಲು ಸರಿಮಾಡಿಕೊಂಡು, ಮೆತ್ತಗೆ, "ಎರಡನೇ ಸಲ ಆದ್ಮೇಲೆ ಹೀಗೇ. ದಿನಾ ಏನೇನೋ ಹೇಳ್ತಾರೆ. ಬಾಗಿಲಲ್ಲಿ ಚಿಕ್ಕಪ್ಪ ನಿಂತಿದಾನೆ ಅಂತಾರೆ" ಎಂದ.

"ನನ್ನ ತಲೆ ಸರಿ ಇದೆ" ಎಂದ ದೊಡ್ಡಪ್ಪ. "ಅವಳನ್ನ ಕೇಳಿ. ಅವಳಿಗೆ ಗೊತ್ತು. ಮ್ಯೂಸಿಯಮ್ಮಿನವನು ಹೇಳುವಾಗ ಅವಳೇ ಇದ್ಲು."

ಅತ್ತೆ ಅವಳ ಕಡೆ ತಿರುಗಿದಳು. "ಹೌದೇನೇ? ನೀನು ಹೇಳು. ದಿನವಿಡೀ ಜೊತೇಲಿ ಇರೋಳು ನೀನು. ನೀನು ಹೇಳಿದ್ದೇ ನಂಬ್ತೀನಿ."

ಕಿಡಿ ದೊಡ್ಡಪ್ಪನ ಮುಖ ನೋಡಿದಳು. ಅದರಲ್ಲಿ ಆಸೆ ಇತ್ತು. ಅವಳು ಹುಟ್ಟಿದಾಗಿನಿಂದ ಆ ಮುಖ ಅವಳ ಕಡೆ ಹಾಗೆ ನೋಡಿರಲಿಲ್ಲ. ಒಂದು ಮಾತು ಹೇಳಿದರೆ ಇವನು ಹಗುರಾಗುತ್ತಾನೆ, ಎಲ್ಲರೂ ಕಣ್ಣೊರೆಸಿಕೊಂಡು ದೊಡ್ಡ ಮನಸ್ಸಿನವನೆಂದು ಹೊಗಳುತ್ತಾರೆ, ಆಮೇಲೆ ನೆಮ್ಮದಿಯಿಂದ ಸಾಯುತ್ತಾನೆ. ಬೀದಿಯಲ್ಲಿ ಮಕ್ಕಳು ತಟ್ಟೆ ಬಡಿದದ್ದು ಅವಳ ಕಿವಿಯಲ್ಲಿತ್ತು. ಅಪ್ಪನ ಹೆಸರೂ ಆ ಮಾತಿಗೇ ಕಟ್ಟಿಕೊಂಡಿದೆ ಎಂದು ಅವಳಿಗೆ ಗೊತ್ತಿರಲಿಲ್ಲ ಎಂದಲ್ಲ. ಅದನ್ನು ಆಮೇಲೆ, ಇವನು ಹೋದ ಮೇಲೆ, ತಾನೇ ಬಿಡಿಸಿಕೊಂಡರಾಯಿತು ಎಂದುಕೊಂಡಳು.

"ಇಲ್ಲ ಅತ್ತೆ" ಎಂದಳು. "ಅಣ್ಣ ಹೇಳಿದ್ದೇ ಸರಿ. ದೊಡ್ಡಪ್ಪನಿಗೆ ತಲೆ ಕೆಟ್ಟಿದೆ."

ದೊಡ್ಡಪ್ಪ ಕೂಗಾಡಿದ. ಸುಳ್ಳಿ ಎಂದ, ಹಾದರಗಿತ್ತಿ ಎಂದ, ನಿಮ್ಮಪ್ಪನ ಹಾಗೇ ನೀನೂ ಹಾಳಾಗಿ ಹೋಗು ಎಂದ. ಬಲಗೈಯಿಂದ ನೀರಿನ ಲೋಟ ಎತ್ತಿ ಅವಳ ಕಡೆ ಎಸೆದ. ಅದು ಅತ್ತೆಯ ಮಡಿಲಿಗೆ ಬಿತ್ತು. ಅವನು ಕೂಗಿದಷ್ಟೂ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಅನುಮಾನ ಇದ್ದವರಿಗೂ ಈಗ ಉಳಿಯಲಿಲ್ಲ. ಕಡೆಗೆ ಅವನ ಸರಿಯಿದ್ದ ಕೈಯನ್ನು ಟವೆಲಿನಿಂದ ಮಂಚದ ಪಟ್ಟಿಗೆ ಕಟ್ಟಿದರು. ಗಂಟು ಹಾಕಿದ್ದು ಕಿಡಿ. ಅವಳ ಗಂಟು ಬಿಚ್ಚುತ್ತಿರಲಿಲ್ಲ.

ಅದೇ ವಾರ ಮಗ ವ್ಯಾನು ತರಿಸಿದ. ಮನೆಯಲ್ಲಿ ನೋಡಿಕೊಳ್ಳಲು ಆಗುವುದಿಲ್ಲ, ಪಾಪ ಅವಳೊಬ್ಬಳೇ ಎಷ್ಟೆಂದು ಮಾಡಿಯಾಳು ಎಂದು ನೆಂಟರೂ ಒಪ್ಪಿದ್ದರು. ಹುಚ್ಚಾಸ್ಪತ್ರೆಯ ಹಳದಿ ಗೋಡೆಗೆ ಈಗ ಬಿಳಿ ಬಣ್ಣ ಬಳಿದಿದ್ದರು. ಗೇಟಿನಲ್ಲಿ ಗಾಲಿಕುರ್ಚಿ ನಿಂತಾಗ ದೊಡ್ಡಪ್ಪ ದನಿ ಇಳಿಸಿ ಅವಳೊಬ್ಬಳಿಗೇ ಕೇಳುವ ಹಾಗೆ ಹೇಳಿದ:

"ಒಂದೇ ಒಂದು ಸಲ ಹೇಳು. ನಿಜ ಅಂತ. ಇಲ್ಲಿ ಯಾರೂ ಇಲ್ಲ. ನನಗೊಬ್ಬನಿಗೇ ಹೇಳು."

ಅವಳು ಅವನ ಹೊದಿಕೆಯ ತುದಿಯನ್ನು ಗಾಲಿಗೆ ಸಿಗದ ಹಾಗೆ ಒಳಗೆ ಮಡಚಿದಳು. ಕುರ್ಚಿ ಒಳಗೆ ಉರುಳಿತು. ವಾಪಸು ಬರುವಾಗ ವ್ಯಾನಿನಲ್ಲಿ ಅವಳಿಗೆ ಹಸಿವಾಯಿತು. ದಾರಿಯಲ್ಲಿ ಇಳಿದು ಹೊಟ್ಟೆ ತುಂಬ ತಿಂದಳು. ಅಷ್ಟು ರುಚಿಯಾಗಿ ಅವಳು ಯಾವತ್ತೂ ತಿಂದಿರಲಿಲ್ಲ.

ಮುಂದಿನ ಚಳಿಗೆ ಅವನು ಸತ್ತ. ಕೊನೆಕೊನೆಗೆ ಊಟ ಮುಟ್ಟುತ್ತಿರಲಿಲ್ಲವಂತೆ, ಬಂದವರನ್ನೆಲ್ಲ ಹಿಡಿದು ಅಡೆಗಲ್ಲಿನ ವಿಷಯ ಹೇಳುತ್ತಿದ್ದನಂತೆ. ಮಗ ಕುಲುಮೆ ಖಾಲಿ ಮಾಡಿಸಿ ಅಲ್ಲಿ ಪೈಪು ತುಂಬಿಸಿದ. ಅಡೆಗಲ್ಲನ್ನು ಅಂಗಡಿಯ ಮುಂದೆ ಕಟ್ಟೆ ಕಟ್ಟಿ, ಪಾದ ಮುಳುಗುವವರೆಗೆ ಸಿಮೆಂಟು ಹಾಕಿ ಕೂರಿಸಿದ. ಕಪ್ಪು ಬಣ್ಣ ಬಳಿದು, ಕೊಂಬಿಗೆ ಚಿನ್ನದ ಬಣ್ಣ ಹಚ್ಚಿ, ಏಳು ತಲೆಮಾರು ಎಂದು ಫಲಕ ಹಾಕಿದ. ಇಸವಿ ಇದ್ದ ತಳ ಸಿಮೆಂಟಿನೊಳಗೆ ಹೋಯಿತು.

ಈಗ ಹೇಳಬಹುದು ಎಂದುಕೊಂಡು ಕಿಡಿ ಅತ್ತೆಯ ಊರಿಗೆ ಹೋದಳು. ಅತ್ತೆ ಅಂಗಳದಲ್ಲಿ ಬಟ್ಟೆ ಮಡಚುತ್ತಿದ್ದಳು. ಕಿಡಿ ಎಲ್ಲವನ್ನೂ ಹೇಳಿದಳು: ಉಕ್ಕಿನ ಗುಂಡು, ಕೊಂಬಿನ ಅಡಿಯ ಗೆರೆ, ತಳದ ಇಸವಿ, ಅವತ್ತು ತಾನು ಸುಳ್ಳು ಹೇಳಿದ್ದು. ಅತ್ತೆ ಮಡಚುವುದನ್ನು ನಿಲ್ಲಿಸಿ ಕೇಳಿದಳು. ಕೇಳಿ ಮುಗಿದ ಮೇಲೆ ಅವಳ ತಲೆ ಸವರಿದಳು.

"ಒಂಟಿಯಾಗಿಬಿಟ್ಟೆ ಅಲ್ವಾ ಮಗಳೇ. ಕುಲುಮೇನೂ ಹೋಯ್ತು."

"ಅತ್ತೆ, ನಾನು ಹೇಳ್ತಿರೋದು ನಿಜ."

"ಅವತ್ತು ಅಷ್ಟು ಜನರ ಮುಂದೆ ಹೇಳಿದ್ದು ನೀನೇ. ನಿನ್ನ ಮಾತಿನ ಮೇಲೆ ನನ್ನ ಒಡಹುಟ್ಟಿದ ಅಣ್ಣನ್ನ ಕಟ್ಟಿಹಾಕೋಕೆ ಕೈಕೊಟ್ಟೆ ನಾನು. ಈಗ ಅದು ಸುಳ್ಳು ಅಂದ್ರೆ ನಾನು ಎಲ್ಲಿಗೆ ಹೋಗ್ಲಿ?" ಅತ್ತೆಯ ದನಿ ಮೆತ್ತಗೇ ಇತ್ತು. "ಈ ಮಾತು ಇನ್ನೊಬ್ಬರ ಹತ್ರ ಆಡಬೇಡ. ಎರಡು ದಿನ ಇಲ್ಲೇ ಇರು, ಸರಿಹೋಗ್ತೀಯ. ನಮ್ಮ ಪಕ್ಕದ ಬೀದೀಲಿ ಒಳ್ಳೆ ಡಾಕ್ಟ್ರಿದಾರೆ."

ಅವಳು ಅವತ್ತೇ ಬಸ್ಸು ಹತ್ತಿದಳು. ಅಂಗಡಿಗೆ ಹೋಗಿ, ಒಂದು ಸಲ ಆ ಸಿಮೆಂಟು ಒಡೆಸು ಎಂದು ಅಣ್ಣನನ್ನು ಕೇಳಿದಳು. ಅವನು ಗಿರಾಕಿಗೆ ಬೀಗ ತೋರಿಸುತ್ತಿದ್ದವನು ತಲೆಯನ್ನೂ ಎತ್ತದೆ, "ಅಪ್ಪನಿಗೆ ತಲೆ ಕೆಟ್ಟಿದೆ ಅಂದೋಳು ನೀನೇ ಅಲ್ವಾ?" ಎಂದ. ಮ್ಯೂಸಿಯಮ್ಮಿಗೆ ಹೋದಳು. ಪರೀಕ್ಷಕ ಬೇರೆ ಊರಿಗೆ ಹೋಗಿದ್ದ. ವಸ್ತು ಯಾರದೋ ಅವರಿಗೆ ಮಾತ್ರ ಪರೀಕ್ಷೆಯ ವರದಿ ಕೊಡುತ್ತೇವೆ, ಅದು ನಿಮ್ಮದಾ ಎಂದು ಅಲ್ಲಿಯ ಗುಮಾಸ್ತೆ ಕೇಳಿದಳು. ಕಿಡಿ ಅಲ್ಲಿಂದ ಹೊರಟು ಬಂದಳು.

ಹೊಟ್ಟೆಪಾಡಿಗೆ ಅವಳು ಕಿಟಕಿ ಸರಳು ಬೆಸೆಯುವ ವರ್ಕ್‌ಶಾಪೊಂದನ್ನು ಸೇರಿದಳು. ಅಲ್ಲಿ ಎಲ್ಲ ಕೆಲಸ ಮೆಷೀನಿನದು, ಬಡಿಯುವುದೇನಿದ್ದರೂ ರೈಲು ಹಳಿಯ ತುಂಡೊಂದರ ಮೇಲೆ. ಒಂದು ರಜೆಯ ದಿನ ಅವಳು ಮತ್ತೆ ಆಸ್ಪತ್ರೆಗೆ ಹೋದಳು. ಗೇಟಿನ ಹತ್ತಿರ ಮುದುಕ ಪರಿಚಾರಕನೊಬ್ಬ ಬೆಂಚಿನ ಮೇಲೆ ಕೂತಿದ್ದ. ಎಷ್ಟೋ ವರ್ಷಗಳ ಹಿಂದೆ ಒಬ್ಬ ಕಮ್ಮಾರ ಇಲ್ಲಿ ಇದ್ದನಾ ಎಂದು ಕೇಳಿದಳು. ಅವನು ಕಣ್ಣು ಕಿರಿದು ಮಾಡಿ ಯೋಚಿಸಿದ.

"ಮಂಚ ತಟ್ಟಿ ತಟ್ಟಿ ಕೇಳ್ತಿದ್ದೋನಾ? ಇದ್ದ. ಒಂದೊಂದು ಮಂಚದ ಕಬ್ಬಿಣಾನೂ ತಟ್ಟಿ, ಇದು ಇಂಥದ್ದು, ಅದು ಅಂಥದ್ದು ಅಂತಿದ್ದ. ಬಡಪಾಯಿ, ಯಾರಿಗೂ ತೊಂದರೆ ಕೊಟ್ಟೋನಲ್ಲ. ಚಳಿ ತಡೆಯೋಕಾಗಲಿಲ್ಲ ಅವನಿಗೆ. ನಿಮಗೇನಾಗಬೇಕು?"

"ನಮ್ಮಪ್ಪ. ಅವರಿಗೆ ಹುಚ್ಚಿರಲಿಲ್ಲ."

ಮುದುಕ ತಲೆಯಾಡಿಸಿದ. ಅವನ ಮುಖದಲ್ಲಿ ಕನಿಕರವೇ ಇತ್ತು.

"ಸತ್ತ ಮೇಲೆ ಎಲ್ರ ಮನೆಯವರೂ ಬಂದು ಹಾಗೇ ಹೇಳ್ತಾರಮ್ಮ" ಎಂದು ಎದ್ದು, ಹೊತ್ತಾಯಿತೆಂದು ಗೇಟು ಎಳೆದುಕೊಂಡ.